ಹಲ್ಲಿಗೆ ಕ್ಯಾಪ್ ಹಾಕಿಸ್ಬೇಕಾ? ಮೆಟಲ್, ಸೆರಾಮಿಕ್, ಜಿರ್ಕೋನಿಯಾ: ಯಾವ ಹಲ್ಲಿಗೆ ಯಾವುದು ಸರಿ?

ರೂಟ್ ಕೆನಾಲ್ ಮುಗಿದು ನೋವು ನಿಂತ ಮೇಲೆ ತುಂಬಾ ಜನ ಮತ್ತೆ ಡೆಂಟಲ್ ಕ್ಲಿನಿಕ್ ಕಡೆ ತಲೆ ಹಾಕೋದಿಲ್ಲ. ‘ಕ್ಯಾಪ್ ಹಾಕಿಸ್ಕೊಳ್ಳಿ’ ಅಂತ ಡಾಕ್ಟರ್ ಹೇಳಿರ್ತಾರೆ. ಅಡಿಕೆ ಕೊಯ್ಲು ಮುಗೀಲಿ, ಹಬ್ಬದ ವ್ಯಾಪಾರ ಮುಗೀಲಿ ಅಂತ ದಿನ ದೂಡ್ತೀವಿ. ಒಂದು ಸಂಜೆ ಮಂಡಕ್ಕಿ ಜೊತೆ ಗಟ್ಟಿ ಕಾಳು ಸಿಕ್ಕಿ ಹಲ್ಲು ಎರಡು ಸೀಳಾಗುತ್ತೆ. ಸೀಳು ಬೇರಿನವರೆಗೆ ಇಳಿದಿದ್ದರೆ ಸಾಮಾನ್ಯವಾಗಿ ಆ ಹಲ್ಲು ಉಳಿಯಲ್ಲ, ಕೀಳಲೇಬೇಕು. ರೂಟ್ ಕೆನಾಲ್‌ಗೆ ಕೊಟ್ಟ ದುಡ್ಡೂ ಅದರ ಜೊತೆಗೇ ಹೋದಂತೆ.

ಹೀಗ್ಯಾಕೆ ಆಗುತ್ತೆ? ಹುಳುಕು ಒಂದಿಷ್ಟು ಹಲ್ಲನ್ನು ಮೊದಲೇ ತಿಂದಿರುತ್ತೆ. ಚಿಕಿತ್ಸೆಗೆ ಮೇಲಿನಿಂದ ಕೊರೆದಾಗ ಇನ್ನಷ್ಟು ಹೋಗುತ್ತೆ. ಉಳಿಯೋದು ಸುತ್ತಲಿನ ಗೋಡೆ ಮಾತ್ರ. ದವಡೆ ಹಲ್ಲಿನ ಮೇಲೆ ಬೀಳುವ ಭಾರಕ್ಕೆ ಆ ಗೋಡೆಗಳು ಹೊರಕ್ಕೆ ಬಿರಿಯುತ್ತವೆ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸಿದ್ದು ನೋಡಿರ್ತೀರಲ್ಲ, ಕ್ಯಾಪ್ ಮಾಡೋದೂ ಅದೇ ಕೆಲಸ: ಸುತ್ತ ಬಿಗಿಯಾಗಿ ಹಿಡಿದು ಸೀಳದಂತೆ ಕಾಯುತ್ತೆ. ಪಟ್ಟಿ ಹಿಡಿಯೋಕೆ ಮರ ಬೇಕಲ್ಲ, ಹಾಗೇ ಕ್ಯಾಪ್ ಕೂರೋಕೆ ಒಸಡಿನ ಮೇಲೆ ಸುತ್ತಲೂ ಹೆಚ್ಚೂ ಕಡಿಮೆ 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಅಷ್ಟಿಲ್ಲದಿದ್ದರೆ ಎಷ್ಟೇ ದುಬಾರಿ ಕ್ಯಾಪ್ ಹಾಕಿಸಿದರೂ ನಿಲ್ಲೋದು ಕಷ್ಟ. ಹಾಗಾಗಿ ‘ಯಾವ ಕ್ಯಾಪ್’ ಅಂತ ಕೇಳೋ ಮೊದಲು ‘ಎಷ್ಟು ಹಲ್ಲು ಉಳಿದಿದೆ’ ಅಂತ ಕೇಳಿ. ಎಕ್ಸ್-ರೇ ತೋರಿಸಿ ವಿವರಿಸೋಕೆ ಒಳ್ಳೆ ಡಾಕ್ಟರ್‌ಗೆ ಎರಡು ನಿಮಿಷ ಸಾಕು.

ಎಲ್ಲ ಹಲ್ಲಿಗೂ ಕ್ಯಾಪ್ ಬೇಕಂತಿಲ್ಲ. ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದು, ಹಲ್ಲು ಬಹುಪಾಲು ಗಟ್ಟಿಯಾಗೇ ಇದ್ದರೆ ಫಿಲ್ಲಿಂಗ್ ಸಾಕಾಗಬಹುದು. ಹಲ್ಲು ಹಳದಿ ಅನ್ನೋ ಒಂದೇ ಕಾರಣಕ್ಕೆ ಚೆನ್ನಾಗಿರೋ ಹಲ್ಲು ಅರೆಸಿ ಕ್ಯಾಪ್ ಹಾಕಿಸೋದಂತೂ ಬೇಡ. ಅರೆದ ಹಲ್ಲು ಮತ್ತೆ ಬೆಳೆಯಲ್ಲ.

ಮೆಟಲ್ ಕ್ಯಾಪ್

ಬೆಳ್ಳಿ ಬಣ್ಣದ ಈ ಕ್ಯಾಪ್ ಈಗ ಕೇಳುವವರು ಕಡಿಮೆ. ಬಾಯಿ ತೆರೆದರೆ ಕಾಣುತ್ತೆ ಅನ್ನೋದೇ ದೂರು. ಆದರೆ ಕೊನೆಯ ದವಡೆ ಹಲ್ಲನ್ನು ನೋಡೋರು ಯಾರು? ಇದಕ್ಕೆ ಹಲ್ಲು ಅರೆಯೋದು ಎಲ್ಲಕ್ಕಿಂತ ಕಡಿಮೆ, ಒಡೆಯೋದು ಅಪರೂಪ, ಬೆಲೆಯೂ ಕಡಿಮೆ. ಚನ್ನಗಿರಿ, ಹೊನ್ನಾಳಿ ಕಡೆ ವರ್ಷಗಟ್ಟಲೆ ಎಲೆ ಅಡಿಕೆ ಹಾಕಿದವರ ದವಡೆ ಹಲ್ಲು ಸವೆದು ಗಿಡ್ಡವಾಗಿರುತ್ತೆ. ಮೊದಲೇ ಗಿಡ್ಡ ಇರೋ ಹಲ್ಲನ್ನು ಇನ್ನಷ್ಟು ಅರೆದರೆ ಕ್ಯಾಪ್ ಹಿಡಿಯೋಕೆ ಜಾಗವೇ ಇರಲ್ಲ. ಅಂಥವರಿಗೆ ಮೆಟಲ್ ಕ್ಯಾಪೇ ಜಾಣತನ, ‘ಬಡವರ ಕ್ಯಾಪ್’ ಅಂತ ಮೂಗು ಮುರಿಯೋದು ಬೇಡ.

ಒಂದು ಎಚ್ಚರ. ಸಾಮಾನ್ಯ ಮೆಟಲ್‌ಗಳಲ್ಲಿ ನಿಕಲ್ ಇರಬಹುದು. ಆರ್ಟಿಫಿಶಿಯಲ್ ಓಲೆ, ಸರ ಹಾಕಿದರೆ ಕಿವಿ, ಕುತ್ತಿಗೆ ಕೆರೆಯುತ್ತೆ ಅನ್ನೋರು ಅದನ್ನು ಮೊದಲೇ ಡಾಕ್ಟರ್‌ಗೆ ಹೇಳಿ. ನಿಕಲ್ ಇಲ್ಲದ ಮೆಟಲ್ ಕೂಡ ಸಿಗುತ್ತೆ.

ಸೆರಾಮಿಕ್ ಅಂದರೆ ಪೂರ್ತಿ ಸೆರಾಮಿಕ್ ಅಲ್ಲ!

ನಮ್ಮಲ್ಲಿ ‘ಸೆರಾಮಿಕ್ ಕ್ಯಾಪ್’ ಅಂತ ಕರೆಯೋದು ಹೆಚ್ಚಾಗಿ ಪಿಎಫ್‌ಎಂ. ಒಳಗೆ ಮೆಟಲ್, ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ ಪದರ. 1960ರ ದಶಕದಿಂದ ಬಳಕೆಯಲ್ಲಿರೋ ನಂಬಿಕಸ್ಥ ಕ್ಯಾಪ್ ಇದು. ಎರಡು ಪದರಕ್ಕೂ ಜಾಗ ಬೇಕಾದ್ದರಿಂದ ಹಲ್ಲನ್ನು 1.5 ಮಿ.ಮೀ. ಅಥವಾ ಇನ್ನೂ ಸ್ವಲ್ಪ ಹೆಚ್ಚೇ ಅರೆಯಬೇಕಾಗುತ್ತೆ. ವರ್ಷಗಳು ಕಳೆದ ಮೇಲೆ ಒಸಡು ಸರಿದರೆ ಬುಡದಲ್ಲಿ ಕಪ್ಪು ಗೆರೆ ಕಾಣಬಹುದು. ಮೂಳೆ ಕಡಿಯೋರು, ಗೋಟಡಿಕೆ ಅಗಿಯೋರು, ನಿದ್ದೆಯಲ್ಲಿ ಹಲ್ಲು ಕಡಿಯೋರಿಗೆ ಮೇಲಿನ ಪಿಂಗಾಣಿ ಚಕ್ಕೆ ಏಳುವ ಸಾಧ್ಯತೆ ಹೆಚ್ಚು. ಮೆದು ಊಟದವರಿಗೆ, ಪಕ್ಕದ ಹಲ್ಲುಗಳಿಗೆ, ಮಧ್ಯಮ ಬಜೆಟ್‌ಗೆ ಈಗಲೂ ಪರವಾಗಿಲ್ಲ.

ಜಿರ್ಕೋನಿಯಾ ಮತ್ತು ಆ ಕಾರ್ಡ್

ಈಗ ಎಲ್ಲರ ಬಾಯಲ್ಲೂ ಇದೇ ಹೆಸರು. ಜಿರ್ಕೋನಿಯಂ ಆಕ್ಸೈಡ್ ಗಟ್ಟಿಯನ್ನು ಕಂಪ್ಯೂಟರ್ ಮಷೀನ್‌ನಲ್ಲಿ ಕೊರೆದು ಮಾಡ್ತಾರೆ. ಮೆಟಲ್ ಕ್ಯಾಪ್‌ನ ಬೆಳ್ಳಿ ಬಣ್ಣವೂ ಇಲ್ಲ, ಪಿಎಫ್‌ಎಂನ ಕಪ್ಪು ಗೆರೆಯೂ ಇಲ್ಲ. ಗಟ್ಟಿತನದ ಮಾತೂ ನಿಜ. ಆದರೆ ಇದರಲ್ಲೂ ಎರಡು ಜಾತಿ. ಪೂರ್ತಿ ಒಂದೇ ಗಟ್ಟಿಯಿಂದ ಮಾಡಿದ್ದು ದವಡೆ ಹಲ್ಲಿಗೆ ಸರಿ. ಜಿರ್ಕೋನಿಯಾ ಮೇಲೆ ಪಿಂಗಾಣಿ ಪದರ ಕೊಟ್ಟಿದ್ದು ನೋಡೋಕೆ ಚಂದ, ಆದರೆ ಆ ಪದರವೂ ಚಕ್ಕೆ ಏಳಬಹುದು. ನಿಮಗೆ ಹಾಕೋದು ಯಾವುದು ಅಂತ ಕೇಳಿ ಬರೆಸಿಕೊಳ್ಳಿ. ಎತ್ತರ ಹೊಂದಿಸೋಕೆ ಕ್ಯಾಪ್ ಉಜ್ಜಿದರೆ ಆ ಜಾಗವನ್ನು ಮತ್ತೆ ನುಣುಪು ಮಾಡಲೇಬೇಕು. ಒರಟಾಗಿ ಬಿಟ್ಟರೆ ಎದುರಿನ ನಿಮ್ಮದೇ ಹಲ್ಲನ್ನು ಅದು ಸವೆಸುತ್ತೆ. ಮುಂದಿನ ಹಲ್ಲಿಗೆ ಮಾತ್ರ ‘ಇ-ಮ್ಯಾಕ್ಸ್’ ತರಹದ ಗಾಜಿನಂಥ ಸೆರಾಮಿಕ್ ಬಗ್ಗೆಯೂ ವಿಚಾರಿಸಿ. ಬೆಳಕು ಒಳಗೆ ಹಾಯೋದ್ರಿಂದ ಸಹಜ ಹಲ್ಲಿನಂತೆ ಕಾಣುತ್ತೆ.

ವಾರಂಟಿ ಕಾರ್ಡ್ ನೋಡಿ ಮನಸ್ಸು ಮಾಡುವ ವ್ಯಾಪಾರಸ್ಥರು ಒಂದು ವಿಷಯ ತಿಳ್ಕೊಳ್ಳಿ. ಆ 10 ವರ್ಷ, 15 ವರ್ಷ ಅನ್ನೋದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಮಾತ್ರ. ಕೆಳಗಿನ ಹಲ್ಲು ಹುಳುಕಾದರೆ, ಒಸಡು ಕೆಟ್ಟರೆ ಕಾರ್ಡ್ ಕೆಲಸಕ್ಕೆ ಬರಲ್ಲ. ಎಷ್ಟೋ ಸಲ ಹಾಳಾಗೋದು ಅದೇ ಹಲ್ಲು, ಕ್ಯಾಪ್ ಗಟ್ಟಿಯಾಗೇ ಇರುತ್ತೆ. ಕ್ಯಾಪ್‌ಗೆ ಹುಳುಕು ಹಿಡಿಯಲ್ಲ, ಅದರ ಅಂಚಿನಲ್ಲಿ ಹಲ್ಲಿಗೆ ಹಿಡಿಯುತ್ತೆ. ಅದಕ್ಕೇ ಒಸಡಿನ ಅಂಚಿಗೆ ಬ್ರಷ್ ಮುಟ್ಟಬೇಕು. ಸಕ್ಕರೆ ಕಾಯಿಲೆ ಇರೋರು ಇನ್ನೂ ಜೋಪಾನ.

ಕೂರಿಸುವ ದಿನ

ಸಾಮಾನ್ಯವಾಗಿ ಎರಡು ಸಲ ಅಂಗಡಿ ಬಿಟ್ಟು ಹೋಗಬೇಕಾಗುತ್ತೆ. ಮೊದಲ ದಿನ ಹಲ್ಲು ಅರೆದು ಅಳತೆ ತಗೋತಾರೆ, ಲ್ಯಾಬ್‌ನಿಂದ ಬಂದ ಮೇಲೆ ಕೂರಿಸ್ತಾರೆ. ಸಿಮೆಂಟ್ ಹಾಕುವ ಮೊದಲು ಕನ್ನಡಿ ಕೇಳಿ. ಬಣ್ಣವನ್ನು ಕಿಟಕಿ ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗೆ ಅಲ್ಲ. ಹಲ್ಲು ಕಚ್ಚಿದಾಗ ಮೊದಲು ಅದೊಂದೇ ತಾಗಿದರೆ ಎತ್ತರ ಜಾಸ್ತಿ ಅಂತ ಅರ್ಥ, ಅಲ್ಲೇ ಹೇಳಿ. ಮನೆಗೆ ಬಂದ ಮೇಲೂ ಕಚ್ಚಿದಾಗ ನೋವಿದ್ದರೆ ‘ಅಭ್ಯಾಸ ಆಗುತ್ತೆ ಬಿಡು’ ಅಂತ ಸುಮ್ಮನಿರಬೇಡಿ. ಕ್ಯಾಪ್ ಮತ್ತು ಪಕ್ಕದ ಹಲ್ಲಿನ ನಡುವೆ ಪ್ರತಿ ಊಟಕ್ಕೂ ಅನ್ನ ಸಿಕ್ಕಿಕೊಂಡರೂ ಹೋಗಿ ತೋರಿಸಿ.

ಕ್ಯಾಪ್ ಕಳಚಿ ಬಿದ್ದರೆ ಫೆವಿಕ್ವಿಕ್ ಹಚ್ಚೋರೂ ಇದ್ದಾರೆ, ದಯವಿಟ್ಟು ಬೇಡ. ತೊಳೆದು ಡಬ್ಬಿಯಲ್ಲಿಟ್ಟುಕೊಂಡು ಆದಷ್ಟು ಬೇಗ ಹೋಗಿ. ತಡ ಮಾಡಿದರೆ ಅಕ್ಕಪಕ್ಕದ ಹಲ್ಲು ಸರಿದು ಅದೇ ಕ್ಯಾಪ್ ಕೂರದೇ ಹೋಗಬಹುದು.

ದುಡ್ಡಿನ ಮಾತು

ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಸಾಮಾನ್ಯವಾಗಿ ಸಿಗೋದು ಹಲ್ಲು ಕೀಳೋದು, ಫಿಲ್ಲಿಂಗ್, ಕ್ಲೀನಿಂಗ್‌ನಂಥ ಚಿಕಿತ್ಸೆ. ಸರ್ಕಾರದ ದಂತಭಾಗ್ಯ ಯೋಜನೆ ಶುರುವಾಗಿದ್ದು ಹಲ್ಲು ಕಳಕೊಂಡ ಬಿಪಿಎಲ್ ಹಿರಿಯರಿಗೆ ಹಲ್ಲಿನ ಸೆಟ್ ಕೊಡೋಕೆ, ಒಂಟಿ ಕ್ಯಾಪ್‌ಗಲ್ಲ. ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಣೆದುರು ಕೆಲಸ ಮಾಡೋದ್ರಿಂದ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತೆ. ಎಲ್ಲೇ ಮಾಡಿಸಿ, ಹಲ್ಲು ಅರೆಯೋ ಮೊದಲೇ ಕ್ಯಾಪ್‌ನ ಬಗೆ, ಒಟ್ಟು ಮೊತ್ತ, ಪೋಸ್ಟ್ ಬೇಕಾದರೆ ಅದರ ಖರ್ಚು ಎಲ್ಲ ಬರೆಸಿಕೊಳ್ಳಿ. ಜಾತ್ರೆ, ಸಂತೆಯಲ್ಲಿ ಕೂತಲ್ಲೇ ‘ಫಿಕ್ಸ್ ಹಲ್ಲು’ ಕೂರಿಸೋರ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಮೆತ್ತುವ ಪ್ಲಾಸ್ಟಿಕ್ ಒಸಡನ್ನು ಸುಡುತ್ತೆ, ಅಕ್ಕಪಕ್ಕದ ಹಲ್ಲನ್ನೂ ಕೆಡಿಸುತ್ತೆ. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಇರೋ ಡಾಕ್ಟರ್ ಹತ್ತಿರವೇ ಮಾಡಿಸಿ.

ಮಕ್ಕಳ ಹಾಲುಹಲ್ಲಿನ ಲೆಕ್ಕ ಬೇರೆ. ಹುಳುಕಾದ ಹಾಲು ದವಡೆ ಹಲ್ಲಿಗೆ ರೆಡಿಮೇಡ್ ಸ್ಟೀಲ್ ಕ್ಯಾಪ್ ಸಾಕು, ಲ್ಯಾಬ್‌ಗೆ ಕಳಿಸೋದಿಲ್ಲ, ಹೆಚ್ಚಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತೆ. ಹೊಸ ಹಲ್ಲು ಬರೋ ಹೊತ್ತಿಗೆ ಹಾಲುಹಲ್ಲಿನ ಜೊತೆ ಕ್ಯಾಪೂ ಉದುರಿ ಹೋಗುತ್ತೆ.