ಹಿರಿಯ ಮಿಷನರಿ ದಂಪತಿಗಳ ಕ್ರಿಸ್ಮಸ್

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ, ಮಾರ್ಮನ್ ಎಂದು ಹೆಸರಾದ ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’ ಸಭೆಯ ಹಿರಿಯ ಮಿಷನರಿಗಳು ಕ್ರಿಸ್ಮಸ್ ಹಬ್ಬವನ್ನು ಮನೆಯಿಂದ ದೂರವಿದ್ದು ಕಳೆಯುತ್ತಾರೆ. ಮಕ್ಕಳ ಹೊಣೆ ಮುಗಿಸಿದ, ಹೆಚ್ಚಾಗಿ ನಿವೃತ್ತರಾದ ಗಂಡ ಹೆಂಡತಿ 6ರಿಂದ 23 ತಿಂಗಳ ಈ ಸೇವೆಗೆ ಬಹುಮಟ್ಟಿಗೆ ಸ್ವಂತ ಖರ್ಚಿನಲ್ಲೇ ಹೋಗುತ್ತಾರೆ. ಮನೆಮನೆ ತಿರುಗಿ ಧರ್ಮಪ್ರಚಾರ ಮಾಡುವುದು ಮುಖ್ಯವಾಗಿ ಯುವ ಮಿಷನರಿಗಳ ಕೆಲಸ. ಹಿರಿಯ ದಂಪತಿಗಳದು ಕಚೇರಿ, ದೇವಾಲಯ, ಪರಿಹಾರ ಕಾರ್ಯ.

ಡಿಸೆಂಬರ್ ಬಂದರೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ, ಅದು ಯಾವ ನೇಮಕ ಪತ್ರದಲ್ಲೂ ಇರುವಂಥದ್ದಲ್ಲ. ಸುತ್ತಲಿನ ಯುವ ಮಿಷನರಿಗಳು ಇಪ್ಪತ್ತರ ಆಸುಪಾಸಿನವರು. ಅನೇಕರಿಗೆ ಅಪ್ಪ ಅಮ್ಮ ಇಲ್ಲದ ಮೊದಲ ಕ್ರಿಸ್ಮಸ್. ಅವರನ್ನು ಕರೆದು ಊಟ ಹಾಕುವುದು, ಊರಿನಿಂದ ಬಂದ ಪಾರ್ಸೆಲ್ ಮುಟ್ಟಿಸುವುದು, ಸಪ್ಪಗಾದವರನ್ನು ಮಾತಾಡಿಸುವುದು ಈ ಹಿರಿಯರ ಪಾಲಿಗೆ ಬರುತ್ತದೆ. 2019ರ ಫೆಬ್ರವರಿಯವರೆಗೆ ಯುವಕರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ಸಾಮಾನ್ಯವಾಗಿ ಕ್ರಿಸ್ಮಸ್ ಮತ್ತು ತಾಯಂದಿರ ದಿನದಂದು ಮಾತ್ರ. ಆಮೇಲೆ ವಾರಕ್ಕೊಮ್ಮೆ ಮಾತಾಡಲು ಅನುಮತಿ ಸಿಕ್ಕಿತು. ದಂಪತಿಗಳಿಗೆ ಅಂಥ ಕಟ್ಟುಪಾಡಿಲ್ಲ. ಆದರೆ ಮೊಮ್ಮಕ್ಕಳನ್ನು ಫೋನಿನಲ್ಲಷ್ಟೇ ನೋಡುವ ಹಬ್ಬ ಅವರಿಗೇನೂ ಸಲೀಸಲ್ಲ.

1993ರಲ್ಲಿ ಆರಂಭವಾದ, ಇದೇ ಸಭೆಯ ಬೆಂಗಳೂರು ಮಿಷನ್ನಿಗೂ ಇಂಥ ದಂಪತಿಗಳು ಬರುತ್ತಾರೆ. ಯೂಟಾದ ಹಿಮ ಕಂಡವರಿಗೆ ಇಲ್ಲಿ ಹಬ್ಬದ ದಿನ ಹಗಲೆಲ್ಲ ಬಿಸಿಲು.