ಶಾಲೆಗೂ ಮನೆಗೂ ನಡುವಣ ಹೊತ್ತು

ಹಾಸನ ಜಿಲ್ಲೆಯ ಪಶ್ಚಿಮ ಸೀಮೆಯಲ್ಲಿರುವ ಸಕಲೇಶಪುರ ತಾಲೂಕಿನ ಹಾನುಬಾಳು ಹೋಬಳಿಯು ಕಾಫಿ, ಏಲಕ್ಕಿ, ಮೆಣಸುಗಳ ನಾಡು. ತೋಟಗಳ ಚರಿತ್ರೆಯೆಂದರೆ ಬೆಳೆ, ಬೆಲೆ, ಒಡೆತನಗಳ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ತಾಯಿಯು ಹಣ್ಣು ಕೊಯ್ಯುವಾಗ ಅವಳ ಮಗು ಎಲ್ಲಿರುತ್ತಿತ್ತು ಎಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ.

ಈ ಪ್ರಶ್ನೆಗೆ ಸ್ವತಂತ್ರ ಭಾರತವು 1951ರ ತೋಟ ಕಾರ್ಮಿಕರ ಕಾಯಿದೆಯ ಮೂಲಕ ಉತ್ತರ ಕೊಟ್ಟಿತು. 50 ಅಥವಾ ಅದಕ್ಕೂ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರವಿರಬೇಕೆಂದು ಅದು ವಿಧಿಸಿತು. 6ರಿಂದ 12 ವರ್ಷದ ಮಕ್ಕಳು 25ಕ್ಕೂ ಹೆಚ್ಚಿದ್ದಲ್ಲಿ ಮಾಲೀಕರಿಂದ ಶಿಕ್ಷಣದ ಅನುಕೂಲ ಮಾಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿತು. 1981ರ ತಿದ್ದುಪಡಿಯು, ಕಾರ್ಮಿಕ ಮಹಿಳೆಯರ ಮಕ್ಕಳು 20 ಇದ್ದರೂ ಶಿಶುವಿಹಾರ ಬೇಕೆಂದಿತು. ಈ ಕಾಯಿದೆಯ ಸ್ಥಾನಕ್ಕೆ ಬಂದ 2020ರ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಆದರೆ ನಮ್ಮ ರಾಜ್ಯದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ಕಾಯಿದೆಯ ಸಂಖ್ಯೆ ಕೂಡಿಬರುವುದೇ ಅಪರೂಪ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದವು. ಕೂಲಿಗೆ ಹೋಗುವ ತಾಯಂದಿರ 3 ವರ್ಷದೊಳಗಿನ ಕೂಸುಗಳಿಗಾಗಿ ರಾಜ್ಯ ಸರಕಾರವು 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಿತು.

ಇಷ್ಟಾದರೂ 6 ವರ್ಷ ತುಂಬಿದ ಮಗುವಿನ ಬೆಳಗು ಮತ್ತು ಸಂಜೆಯ ಹೊತ್ತು ಯಾರ ಹೊಣೆಗೂ ಸೇರದೆ ಉಳಿಯಿತು. ಕಾಫಿ ಕೊಯ್ಲು ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತದೆ. ಶಾಲೆಯ ಗಂಟೆ ಬಾರಿಸುವ ಮೊದಲೇ ತಂದೆತಾಯಿಗಳು ತೋಟ ಸೇರಿರುತ್ತಾರೆ. ಮಗು ಮರಳಿದಾಗ ಲೈನು ಮನೆಗೆ ಬೀಗ. ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಡಾನೆಗಳ ಭಯ ಬೇರೆ. ಚಿಕ್ಕವರನ್ನು ನೋಡಿಕೊಳ್ಳುವ ಭಾರ ಹಿರಿಯ ಹೆಣ್ಣುಮಗುವಿನ ಮೇಲೆ ಬಿದ್ದು ಅವಳ ಓದು ಅಲ್ಲಿಗೇ ನಿಲ್ಲುವುದೂ ಉಂಟು. ಬೇಸಿಗೆ ರಜೆಯಲ್ಲಿ ಪಟ್ಟಣದ ಮಕ್ಕಳಿಗೆ ಶಿಬಿರಗಳಿವೆ. ಈ ಮಕ್ಕಳಿಗೆ ಇಡೀ ದಿನವೇ ಒಂಟಿತನ. 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಬಾಗಿಲು ತೆರೆದುದು ಸ್ತುತ್ಯ. ಆದರೆ ಪುಸ್ತಕದ ಜೊತೆಗೆ ಉಪಾಹಾರವೂ ಹಿರಿಯರ ಕಣ್ಗಾವಲೂ ಬೇಕಲ್ಲವೆ?

ಮನೆಯ ಹೊರಗೆ ಮಕ್ಕಳನ್ನು ಸಾಕಿ ಓದಿಸುವ ಕಾರ್ಯ ನಮ್ಮ ಸಮಾಜಕ್ಕೆ ಹೊಸತಲ್ಲ. 1887ರಲ್ಲಿ ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಬಡಮಕ್ಕಳು ಒಟ್ಟಿಗೆ ಬಾಳಿದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ಯಾರ ಮಕ್ಕಳೆಂದು ಕೇಳದೆ ಸಾಕಿದುದೇ ಆ ನಿಲಯದ ಹಿರಿಮೆ.

ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನಗಳು, ಹೊಯ್ಸಳ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿಯನ್ನು ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಿಗಾಗಿ ಕೊಂಡಾಡುತ್ತವೆ. ಈ ನಾಲ್ಕು ದಾನಗಳೂ ಸಂಜೆಯ ಎರಡು ಗಂಟೆಗಳಲ್ಲಿ ಕೂಡಿಬರುತ್ತವೆ. ಹಸಿದು ಬಂದ ಮಗುವಿಗೆ ಅವಲಕ್ಕಿ, ಬಾಳೆಹಣ್ಣು ಕೊಡುವುದು ಆಹಾರದಾನ. ತಾಯಿ ಬರುವತನಕ ಕಾಯುವುದು ಅಭಯದಾನ. ಗಾಯಕ್ಕೆ ಮದ್ದು ಹಚ್ಚುವುದು ಔಷಧದಾನ. ಪಾಠ ಓದಿಸುವುದು ಶಾಸ್ತ್ರದಾನ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬಸದಿಯ ಸಭಾಭವನ ಸಂಜೆ ತೆರವಿದ್ದರೆ ಅದು ಸಾಕು. ಅದೇ ಊರಿನ ನಂಬಿಕಸ್ಥ ಮಹಿಳೆಯರಿಬ್ಬರಿಗೆ ತಪ್ಪದೆ ಗೌರವಧನ ಸಲ್ಲಬೇಕು. ಧರ್ಮದರ್ಶಿಗಳು ವಾರ್ಷಿಕ ಸಭೆಯಲ್ಲಿ ಜೀರ್ಣೋದ್ಧಾರದ ಲೆಕ್ಕದ ಜೊತೆಗೆ ಈ ವಿಷಯವನ್ನೂ ಚರ್ಚೆಗೆ ತೆಗೆದುಕೊಳ್ಳಲಿ. ಸಂಖ್ಯೆ ಕೂಡಿಬರಲಿಲ್ಲವೆಂದು ಕಾಯಿದೆ ಸುಮ್ಮನಿರಬಹುದು. ದಯಾಮೂಲವಾದ ಧರ್ಮಕ್ಕೆ ಒಂದೇ ಮಗುವಿದ್ದರೂ ಸಾಕು.