ಮೂರನೇ ಬಟನ್ ಯಾರದು? ಕಾರಿನ ಸದ್ದು, ಸೀಟು ಮತ್ತು ನಮ್ಮಪ್ಪ

ಭಾಗ 1/4: ಬೆಳಗಿನ ಜಾವ ಐದು ಗಂಟೆ

ಫ್ರೆಂಡ್ಸ್, ಈ ಸಲ ಕೋಟೆ, ಶಾಸನ, ದೇವಸ್ಥಾನ ಯಾವುದೂ ಇಲ್ಲ. ಒಂದು ಕಾರಿನ ಇತಿಹಾಸ. ನಗಬೇಡಿ, ಪೂರ್ತಿ ಓದಿ.

ನಮ್ಮೂರು ಕೂಡ್ಲಿಗಿ ಅಂತ ನಿಮಗೆ ಗೊತ್ತು. ನಮ್ಮಪ್ಪ ಬೆಂಗಳೂರಲ್ಲಿ ಒಬ್ಬರ ಮನೇಲಿ ಡ್ರೈವರ್. ಹೋದ ತಿಂಗಳು ಆ ಮನೆಗೆ ಹೊಸ ಸ್ಪೋರ್ಟ್ಸ್ ಕಾರ್ ಬಂತು. ಬೆಳಗಿನ ಜಾವ ಐದಕ್ಕೆ ಓನರ್‌ನ ಏರ್‌ಪೋರ್ಟಿಗೆ ಬಿಡಬೇಕಿತ್ತು. ಅಪ್ಪ ಸ್ಟಾರ್ಟ್ ಬಟನ್ ಒತ್ತಿದ್ದೇ ತಡ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪೂರ್ತಿ ಗುಡುಗಿದಂಗಾಯ್ತಂತೆ. ಮೇಲಿನ ಮನೆಯವರು ಸೆಕ್ಯುರಿಟಿಗೆ ಫೋನ್ ಮಾಡಿದ್ರು. ಬೈಸಿಕೊಂಡಿದ್ದು ಅಪ್ಪ.

ಎರಡು ದಿನ ಬಿಟ್ಟು ಇನ್ನೊಂದು. ಓನರ್ ತಾವೇ ಓಡಿಸೋಣ ಅಂತ ಕೂತ್ರೆ ಮೊಣಕಾಲು ಸ್ಟೀರಿಂಗಿಗೆ ತಾಗ್ತು. ಅವರು ಆರಡಿ ಆಳು, ಅಪ್ಪ ಗಿಡ್ಡ. "ನನ್ನ ಸೀಟ್ ಯಾಕೆ ಅಲ್ಲಾಡಿಸಿದೆ?" ಅಂದ್ರಂತೆ.

ರಾತ್ರಿ ಅಪ್ಪ ಫೋನ್ ಮಾಡಿದ. "ಲೇ ತಮ್ಮ, ಕಾರಿನ ಪುಸ್ತಕ ಬರೀ ಇಂಗ್ಲಿಷ್‌ನಾಗೈತೆ. ಫೋಟೋ ಹಾಕ್ತೀನಿ, ಓದಿ ಹೇಳು."

ಓದಿದೆ. ಹಂಗೇ ಹಿಂದಕ್ಕೆ ಹೋಗ್ತಾ ಹೋದೆ, 1897ಕ್ಕೆ ಹೋಗಿ ಮುಟ್ಟಿದೆ.

ಭಾಗ 2/4: ಸದ್ದಿಗೊಂದು ತೂಬು

ಎಂಜಿನ್ ಒಳಗೆ ಪೆಟ್ರೋಲ್ ಉರಿದಾಗಲೆಲ್ಲ ಒಂದು ಸಣ್ಣ ಸ್ಫೋಟ. ಆ ಹೊಗೆ ನೇರ ಹೊರಗೆ ಬಂದ್ರೆ ಕಿವಿ ಒಡೆದು ಹೋಗುತ್ತೆ. ಅದಕ್ಕೇ ಸೈಲೆನ್ಸರ್. ಒಳಗೆ ಕೋಣೆಗಳು, ತೂತಿನ ಕೊಳವೆಗಳು. ಸದ್ದು ಅಲ್ಲೇ ಡಿಕ್ಕಿ ಹೊಡೆದು ಹೊಡೆದು ಸುಸ್ತಾಗಿ ಹೊರಗೆ ಬರುತ್ತೆ. ಅಮೆರಿಕದ ಮಿಲ್ಟನ್ ರೀವ್ಸ್ ಮತ್ತು ಅವರ ಅಣ್ಣ ಮಾರ್ಷಲ್ ರೀವ್ಸ್ ಇದಕ್ಕೆ 1897ರಲ್ಲಿ ಪೇಟೆಂಟ್ ಪಡೆದರು.

ಆದ್ರೆ ಆಗಿನ ಸೈಲೆನ್ಸರ್ ಹೊಗೆಯನ್ನ ತಡೆದು ಎಂಜಿನ್ ಶಕ್ತಿಯನ್ನೂ ತಿಂತಿತ್ತು. ಹಂಗಾಗಿ ಹಳೇ ಕಾರುಗಳಲ್ಲಿ 'ಕಟ್‌ಔಟ್' ಅಂತ ಒಂದು ಏರ್ಪಾಡು. ಏರು ಬಂದ್ರೆ ಅದನ್ನ ತೆರೆಯೋದು, ಹೊಗೆ ಸೈಲೆನ್ಸರ್‌ಗೆ ಹೋಗದೆ ಸೀದಾ ಹೊರಗೆ. ಏರು ಇಲ್ಲದಿದ್ರೂ ಊರೊಳಗೆ ತೆರೆದು ಮೆರೆಯೋರು ಜಾಸ್ತಿ ಆದ್ರು. ಕೊನೆಗೆ ಅಮೆರಿಕದ ಎಷ್ಟೋ ಊರುಗಳು ಕಾನೂನು ಮಾಡಿ ನಿಲ್ಲಿಸಿದವು.

ಇವತ್ತಿನ ಎಕ್ಸಾಸ್ಟ್ ಮೋಡ್ ಅಂದ್ರೆ ಅದೇ ಕಟ್‌ಔಟ್, ಕಂಪ್ಯೂಟರ್ ಕೈಯಲ್ಲಿ. ಕೆರೆ ತೂಬು ನೋಡಿದ್ದೀರಲ್ಲ? ಹಂಗೇ ಪೈಪಿನೊಳಗೆ ಒಂದು ಮುಚ್ಚಳ. ಮುಚ್ಚಿದ್ರೆ ಹೊಗೆ ಉದ್ದದ ದಾರಿ ಹಿಡಿಯುತ್ತೆ, ಸದ್ದು ಕಮ್ಮಿ. ತೆರೆದ್ರೆ ಅಡ್ಡದಾರಿ, ಗರ್ಜನೆ. 1990ರ ಹೊತ್ತಿಗೇ ಮಿತ್ಸುಬಿಷಿ ತನ್ನ ಜಿಟಿಒ ಕಾರಿನಲ್ಲಿ ಟೂರ್, ಸ್ಪೋರ್ಟ್ ಅಂತ ಎರಡು ಮೋಡಿನ ಸ್ವಿಚ್ ಕೊಟ್ಟಿತ್ತು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೇ ಯಾಕೆ ಅಷ್ಟು ಸದ್ದು? ತಣ್ಣಗಿರೋ ಎಂಜಿನ್ ಬೇಗ ಕಾಯಲಿ, ಹೊಗೆ ಶುದ್ಧ ಮಾಡೋ ಡಬ್ಬಿಯೂ ಬೇಗ ಬಿಸಿ ಆಗಲಿ ಅಂತ ಕಾರು ತಾನೇ ರೇಸ್ ಏರಿಸುತ್ತೆ. ಅಪ್ಪ ಆಕ್ಸಿಲರೇಟರ್ ಮುಟ್ಟಿರಲೇ ಇಲ್ಲ.

ಅಮೆರಿಕದಲ್ಲೂ ಇದೇ ಕಥೆ ಆಗಿತ್ತು. ಫೋರ್ಡ್ ಕಂಪನಿಯ ಎಂಜಿನಿಯರಿಂಗ್ ಮುಖ್ಯಸ್ಥರೊಬ್ಬರು ತಮ್ಮ ಮಸ್ಟಾಂಗ್ ಹೊರಗೆ ತೆಗೆಯೋವಾಗ ಪಕ್ಕದ ಮನೆಯವರು ಪೊಲೀಸರನ್ನ ಕರೆದರು. ಅದರಿಂದಾಗಿ 2018ರ ಮಸ್ಟಾಂಗ್‌ಗೆ ಸದ್ದಿಲ್ಲದೆ ಸ್ಟಾರ್ಟ್ ಆಗೋ ಮೋಡ್ ಬಂತು. ರಾತ್ರಿ ಇಷ್ಟರಿಂದ ಬೆಳಗ್ಗೆ ಇಷ್ಟರ ತನಕ ಸುಮ್ಮನಿರು ಅಂತ ಟೈಮ್ ಕೂಡ ಇಡಬಹುದು. ಮೊದಲು ಅದಕ್ಕಿಟ್ಟ ಹೆಸರು 'ಒಳ್ಳೇ ನೆರೆಯವನ ಮೋಡ್'.

ಅಲ್ಲಿ ದೂರು ಬಂದಿದ್ದು ಮುಖ್ಯಸ್ಥರ ಮೇಲೆ, ಹೊಸ ಬಟನ್ ಹುಟ್ಟಿತು. ಇಲ್ಲಿ ದೂರು ಬಂದಿದ್ದು ಡ್ರೈವರ್ ಮೇಲೆ. ಅಪ್ಪನ ಕಾರಲ್ಲೂ ಅಂಥ ಸೆಟ್ಟಿಂಗ್ ಮೆನು ಒಳಗೇ ಇತ್ತು. ಯಾರೂ ಹೇಳಿರಲಿಲ್ಲ ಅಷ್ಟೇ.

ಭಾಗ 3/4: ಮೈಸೂರಿನ ಜೋಡಿ ಸೈಲೆನ್ಸರ್, ನಮ್ಮ ಹುಡುಗರು

ಸದ್ದಿನ ವಿಷಯದಲ್ಲಿ ಕರ್ನಾಟಕಕ್ಕೂ ಒಂದು ಹೆಸರೈತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಶುರುವಿನಿಂದ ಜಾವಾ, 1973ರಿಂದ ಯೆಜ್ಡಿ. 250 ಸಿಸಿ, ಒಂದೇ ಸಿಲಿಂಡರ್, ಆದ್ರೆ ಎರಡು ಸೈಲೆನ್ಸರ್. 1996ರಲ್ಲಿ ಕಾರ್ಖಾನೆ ಮುಚ್ಚಿತು, ಇವತ್ತಿಗೂ ನಮ್ಮ ಹಿರಿಯರು ದೂರದಿಂದಲೇ ಸದ್ದು ಕೇಳಿ "ಯೆಜ್ಡಿ ಬಂತು ನೋಡು" ಅಂತಾರೆ. ಪೆಟ್ರೋಲ್ ಜೊತೆ ಆಯಿಲ್ ಉರಿಯೋ ಗಾಡಿ ಆದ್ದರಿಂದ ಒಳಗೆ ಕರಿ ಕಟ್ಟುತ್ತಿತ್ತು. ಅದನ್ನ ಕೆರೆದು ತೆಗೀಲಿ ಅಂತ ಸೈಲೆನ್ಸರ್ ಒಳಗಿನ ಕೊಳವೆ ಬಿಚ್ಚೋ ಹಂಗೆ ಮಾಡಿದ್ರು. ಬಿಚ್ಚಿದ ಮೇಲೆ ವಾಪಸ್ ಹಾಕದೆ ಓಡಿಸಿದ್ರೆ ಅದೇ ಆಗಿನ 'ಸ್ಪೋರ್ಟ್ ಮೋಡ್'.

ಈಗ ನಮ್ಮ ವಿಷಯಕ್ಕೆ ಬರೋಣ. ಹರಪನಹಳ್ಳಿ ಇರಲಿ, ಹಡಗಲಿ ಇರಲಿ, ಕಾಲೇಜ್ ಬಿಡೋ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ರ ಒಂದು ಬೈಕಾದ್ರೂ ಪಟಾಕಿ ಹೊಡೀತಾ ಹೋಗುತ್ತೆ. ನಾನೂ ಹೋದ ವರ್ಷ ಬೈಕಿನ ಸೈಲೆನ್ಸರ್ ಬದಲಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಕಂಪನಿ ಕೊಟ್ಟ ಮೋಡ್ ಬೇರೆ, ಹೊರಗೆ ಹಾಕಿಸಿದ ಸೈಲೆನ್ಸರ್ ಬೇರೆ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ, ಇದು 2000ದ ಶಬ್ದಮಾಲಿನ್ಯ ನಿಯಮ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಗಾಡಿಯ ಸದ್ದು ಮಾನದಂಡ ಮೀರಿದ್ರೆ 10,000 ರೂಪಾಯಿ ತನಕ ದಂಡ ಬೀಳಬಹುದು, ಲೈಸೆನ್ಸು ಮೂರು ತಿಂಗಳು ಹೋಗಬಹುದು. ನಮಗೆ ಮೂರು ತಿಂಗಳು ಅಂದ್ರೆ ಬೈಕಿಲ್ಲ ಅಷ್ಟೇ. ಅಪ್ಪನಂಥೋರಿಗೆ ಮೂರು ತಿಂಗಳು ಅಂದ್ರೆ ಸಂಬಳ ಇಲ್ಲ. ಇದನ್ನ ಓದಿದ ವಾರದಲ್ಲೇ ಹಳೇ ಸೈಲೆನ್ಸರ್ ವಾಪಸ್ ಹಾಕಿಸಿದೆ.

ಭಾಗ 4/4: ಸೀಟಿನ ನೆನಪು

ಮೆಮೊರಿ ಸೀಟ್ ಹೊಸದು ಅನ್ಕೊಂಡಿದ್ದೆ. ಅಲ್ಲ. 1957ರಲ್ಲೇ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿನಲ್ಲಿ ಬಂದಿತ್ತು. ಅದೇ ವರ್ಷ ಮರ್ಕ್ಯುರಿ ಕಂಪನಿ 'ಸೀಟ್-ಒ-ಮ್ಯಾಟಿಕ್' ಅಂತ ತಂತು, ಗುಂಡಿ ತಿರುಗಿಸಿದ್ರೆ 49 ಭಂಗಿ.

ಈಗಿನ ಕಾರಲ್ಲಿ ಸೀಟಿನ ಕೆಳಗೆ ಸಣ್ಣ ಮೋಟಾರುಗಳು. ಮೋಟಾರ್ ಎಷ್ಟು ಸುತ್ತು ತಿರುಗಿತು ಅಂತ ಸೆನ್ಸರ್ ಎಣಿಸುತ್ತೆ, ಆ ಲೆಕ್ಕ ಒಂದು ಪೆಟ್ಟಿಗೆಯಲ್ಲಿ ಉಳಿಯುತ್ತೆ. ಬಟನ್ ಒತ್ತಿದ್ರೆ ಅದೇ ಲೆಕ್ಕಕ್ಕೆ ವಾಪಸ್. ಕನ್ನಡಿ ಕೂಡ ಜೊತೆಗೇ ತಿರುಗುತ್ತೆ.

ಅಪ್ಪನಿಗೆ ಹೇಳಿದೆ: "ಇಳಿಯೋ ಮುಂಚೆ ಒಂದು ಒತ್ತಪ್ಪ, ಓನರ್ ಸೀಟ್ ತಾನೇ ಬರುತ್ತೆ. ಎರಡು ಅವರ ಹೆಂಡ್ತೀದು."

"ಮೂರು?"

"ಮೂರು ಖಾಲಿ ಐತೆ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಪ್ಪ ಮೊದಲು ಸಂಡೂರು ಕಡೆ ಅದಿರು ಲಾರಿ ಓಡಿಸ್ತಿದ್ದ. ಆ ಸೀಟಿಗೆ ಬಟನ್ ಇರಲಿಲ್ಲ. ಬೆನ್ನಿಗೆ ಅವ್ವ ಹೊಲಿದ ಒಂದು ದಿಂಬು, ಅದೇ ಅವನ ಮೆಮೊರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲಾರಿನೂ ನಿಂತ್ವು. ನನಗೆ ಆಗ ಆರು ವರ್ಷ. ಅಪ್ಪ ದಿಂಬು ಬಗಲಲ್ಲಿಟ್ಕೊಂಡು ಬೆಂಗಳೂರು ಬಸ್ ಹತ್ತಿದ್ದು ನೆನಪೈತೆ.

ಬಿ.ಕಾಂ ಓದೋರಿಗೆ ಗೊತ್ತು, ಲೆಕ್ಕಪತ್ರದಲ್ಲಿ ಕಾರು ಆಸ್ತಿ ಕಡೆ ಬರುತ್ತೆ, ಡ್ರೈವರ್ ಸಂಬಳ ಖರ್ಚಿನ ಕಡೆ. ಸದ್ದಿನ ಮೋಡ್ ಮಾಡಿದೋರು ಪಕ್ಕದ ಮನೆಯವರನ್ನ ನೆನಪಿಟ್ಕೊಂಡ್ರು. ಸೀಟ್ ಮಾಡಿದೋರು ಗಂಡ ಹೆಂಡ್ತಿ ಇಬ್ಬರನ್ನೂ ನೆನಪಿಟ್ಕೊಂಡ್ರು. ದಿನಾ ಓಡಿಸೋನು ಮಾತ್ರ ದಿನಾ ಹೊಸದಾಗಿ ಸರಿ ಮಾಡ್ಕೋಬೇಕು, ಇಳಿವಾಗ ತನ್ನ ಗುರುತು ಅಳಿಸಿ ಇಳೀಬೇಕು.

ಮೂರಕ್ಕೆ ಸೆಟ್ ಮಾಡೋದು ಕಷ್ಟ ಏನಿಲ್ಲ. ಸೀಟ್ ಸರಿ ಮಾಡ್ಕೊಂಡು 'ಸೆಟ್' ಒತ್ತಿ, ಆಮೇಲೆ 3 ಒತ್ತೋದು. ಅಪ್ಪನಿಗೆ ಹೇಳಿಕೊಟ್ಟೀನಿ. "ಓನರ್‌ನ ಒಂದು ಮಾತು ಕೇಳಿ ಮಾಡ್ತೀನಿ ಬಿಡು" ಅಂದ.

ಇನ್ನೂ ಕೇಳಿಲ್ಲ.

ನಿಮ್ಮ ಮನೇಲೂ ಡ್ರೈವರ್ ಇದ್ರೆ, ಲಾರಿ, ಬಸ್, ಟಂಟಂ ಯಾವುದೇ ಆಗಲಿ, ಅವರ ಸೀಟಿನ ಕಥೆ ಒಮ್ಮೆ ಕೇಳಿ. ಕಾಮೆಂಟಲ್ಲಿ ಹಾಕಿ, ಎಲ್ಲಾ ಓದ್ತೀನಿ.

#ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ಸಣ್ಣಚರಿತ್ರೆ